ದಾಸೋಹದ ಪಂಕ್ತಿಯಲ್ಲಿ ತೆರಿಗೆಯ ಮಾತು

ಮಿತ್ರರೇ, ತಲೆ ತಗ್ಗಿಸಿ ತಪ್ಪೊಪ್ಪಿಕೊಳ್ಳುತ್ತಿದ್ದೇನೆ. ಇಂದು ಮಧ್ಯಾಹ್ನ ಸಪ್ತಾಪುರದ ಮಠವೊಂದರ ದಾಸೋಹದಲ್ಲಿ ಮೂರು ರೊಟ್ಟಿ ತಿಂದು, ಕರ ತೊಳೆಯುವ ಮೊದಲೇ ಕರದ ಮಾತು ತೆಗೆದೆ. ಮಠಗಳೂ ತೆರಿಗೆ ಕಟ್ಟಬೇಕು ಎಂದು ಪಕ್ಕದ ವಿದ್ಯಾರ್ಥಿಗೆ ಹೇಳಿದ್ದು ಇಡೀ ಪಂಕ್ತಿಗೆ ಕೇಳಿಸಿತು.

ಅಡುಗೆಮನೆಯ ಹಿರಿಯರಾದ ಬಸಪ್ಪ ಕಾಕಾ ಸಾರಿನ ಬಕೆಟ್ಟು ನೆಲಕ್ಕಿಟ್ಟರು.

“ತೆರಿಗಿ ಹಾಕಿದ್ರ ಮೊದಲ ನಿಲ್ಲೂದು ಈ ಪಂಕ್ತಿ ನೋಡ್ರಿ, ಸರ. ರೂಮಿನ ಬಾಡಿಗಿ ಕೊಟ್ಟು ಈ ಹುಡುಗ್ರು ಉಣ್ಣೂದು ಎಲ್ಲೆ? ನಿಮ್ಮ ಮನ್ಯಾಗ?”

ಹುಡುಗರು ತಿನ್ನುವುದನ್ನು ಬಿಟ್ಟು ನನ್ನನ್ನೇ ನೋಡಿದರು. ನಾನು ಸೋಲುವ ಆಸಾಮಿಯಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆದ್ದವನು.

“ಊಟಕ್ಕ ಹಾಕ್ರಿ ಅಂತ ಯಾರಂದ್ರು, ಕಾಕಾ? ಬಾಜೂಕಿನ ನಿಮ್ಮ ಕಲ್ಯಾಣ ಮಂಟಪಕ್ಕ ಹಾಕ್ಲಿ. ಮದುವಿಗೆ ಬಾಡಿಗಿ ತಗೋತೀರಿ, ಪಾವತಿ ಚೀಟಿ ಮಾತ್ರ ದೇಣಿಗಿ ಅಂತ ಬರದು ಕೊಡ್ತೀರಿ. ಇದು ಯಾವ ನ್ಯಾಯರಿ?”

ಕಾಕಾನ ಮುಖ ಕೆಂಪಾಯಿತು. ಗೆದ್ದೆ ಎಂದುಕೊಂಡು ನಾಲ್ಕನೆಯ ರೊಟ್ಟಿಗೆ ಕೈ ಚಾಚಿದೆ. ಅವರು ರೊಟ್ಟಿ ಹಾಕಿದರು, ಮೇಲೊಂದಿಷ್ಟು ಝುಣಕವನ್ನೂ ಬಡಿಸಿ ಮೆಲ್ಲಗೆ ಕೇಳಿದರು:

“ಆ ಮಂಟಪದ ರೊಕ್ಕದಾಗ ಈ ಒಲಿ ಉರಿಯೂದು ಖರೇ. ಆದ್ರ ಪಾವತಿ ಮ್ಯಾಲೆ ಏನು ಬರೀತಾರಂತ ನಿಮಗ ಹೆಂಗ ಗೊತ್ತಾತ್ರಿ, ಸರ?”

ಬಾಯಿ ತುಂಬ ರೊಟ್ಟಿಯಿತ್ತು, ಉತ್ತರಿಸಲಿಲ್ಲ. ಇಲ್ಲಿ ಉತ್ತರಿಸುತ್ತಿದ್ದೇನೆ: ಹೋದ ವರ್ಷ ನನ್ನ ಮಗಳ ಮದುವೆ ಆ ಮಂಟಪದಲ್ಲೇ ಆಯಿತು. ಆ ದೇಣಿಗೆಯ ಪಾವತಿ ತೋರಿಸಿ ಆದಾಯ ತೆರಿಗೆಯಲ್ಲಿ ವಿನಾಯಿತಿ ಪಡೆದವನು ನಾನೇ.