ಅಜ್ಜಿ ತಾಳಿ ಬಿಚ್ಚಿದ ದಿನ

ಹೊಸಹಳ್ಳಿಯನ್ನು ಜನ ಇನ್ನೂ ಊರು ಎಂದೇ ಕರೆಯುತ್ತಿದ್ದ ಕಾಲ ಅದು. ವಿಜಯನಗರ ಎಂಬ ಬಡಾವಣೆ ಹುಟ್ಟಿರಲಿಲ್ಲ. ಮಾಗಡಿ ರಸ್ತೆಯಿಂದ ನಮ್ಮ ಮನೆಯವರೆಗೂ ರಾಗಿ ಹೊಲ, ಸೊಪ್ಪಿನ ಮಡಿ, ಮಧ್ಯೆ ಒಂದು ಗಾಡಿ ಜಾಡು.

ಆ ಚಳಿಗಾಲದಲ್ಲಿ ನನಗೆ ಎಂಟು ವರ್ಷ. ಅವರೆಕಾಯಿ ಬಂದು ಊರೆಲ್ಲ ಅದರ ಸೊಗಡು. ಅಜ್ಜಿ, ಚಿಕ್ಕಮ್ಮ, ನಾನು ಜಗಲಿಯ ಮೇಲೆ ಕೂತು ನೆನೆಸಿದ ಕಾಳು ಹಿತಕುತ್ತಿದ್ದೆವು. ಬೇಳೆ ಯಾರ ಕೈಯಿಂದ ದೂರ ಚಿಮ್ಮುತ್ತದೆ ಎಂದು ಚಿಕ್ಕಮ್ಮನಿಗೂ ನನಗೂ ಪಂದ್ಯ. ಚಿಕ್ಕಪ್ಪನ ಹೆಂಡತಿಯಾದ ಅವಳು ಕೆಂಗೇರಿ ಕಡೆಯವಳು, ಇಪ್ಪತ್ತು ದಾಟಿರಲಿಲ್ಲ. ತೊಟ್ಟಿಲಲ್ಲಿ ಆರು ತಿಂಗಳ ಕೂಸಿತ್ತು.

ಒಂದು ಬೆಳಿಗ್ಗೆ ಅವಳು ಕೊಟ್ಟಿಗೆಯ ಹಿಂದೆ ಬಗ್ಗಿ ಕೆಮ್ಮುತ್ತಿದ್ದುದನ್ನು ಕಂಡೆ. ಸೆರಗಿನಲ್ಲಿ ರಕ್ತವಿತ್ತು. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಯಾರಿಗೂ ಹೇಳ್ಬೇಡ ಕಣೇ. ಗೊತ್ತಾದ್ರೆ ನನ್ನ ತೌರಿಗೆ ಕಳಿಸಿಬಿಡ್ತಾರೆ. ಕೂಸ್ನ ಇಲ್ಲೇ ಇಟ್ಕೋತಾರೆ."

ಅವಳ ಭಯ ಸುಳ್ಳಲ್ಲ. ಹಿಂದಿನ ವರ್ಷ ಮೇಲಿನ ಬೀದಿಯ ಸೊಸೆಯೊಬ್ಬಳನ್ನು ಕ್ಷಯವೆಂದು ಗಾಡಿ ಹತ್ತಿಸಿ ಕಳಿಸಿದ್ದರು. ಅವಳು ತಿರುಗಿ ಬರಲಿಲ್ಲ.

ಎರಡು ದಿನ ಬಾಯಿ ಬಿಗಿಹಿಡಿದೆ. ಮೂರನೆಯ ದಿನ ಅನ್ನ ಸೇರದೆ ಅಜ್ಜಿಯ ಮುಂದೆ ಎಲ್ಲ ಹೇಳಿಬಿಟ್ಟೆ. ಅಜ್ಜಿಯ ಕೈ ಕಾಳಿನ ಮೇಲೇ ನಿಂತಿತು.

"ಇನ್ಯಾರ ಹತ್ರನಾದ್ರೂ ಅಂದಿದೀಯಾ?"

"ಇಲ್ಲ ಅಜ್ಜಿ."

"ಅನ್ಬೇಡ."

ಅದೇ ವಾರ ಸ್ಕೂಲಿನ ಬಯಲಿಗೆ ಕ್ಷಯ ಪತ್ತೆ ಮಾಡುವ ಸರ್ಕಾರದ ಎಕ್ಸ್‌ರೇ ವ್ಯಾನ್ ಬಂತು. ಎಲ್ಲರೂ ಎದೆಯ ಫೋಟೋ ತೆಗೆಸಬೇಕೆಂದು ಮೊದಲೇ ತಮಟೆ ಹೊಡೆದು ಸಾರಿದ್ದರು. ಗಂಡಸರದು ಬೆಳಿಗ್ಗೆಯೇ ಮುಗಿಯಿತು. ಹೆಂಗಸರ ಸಾಲು ನಿಂತಾಗ ನರ್ಸಮ್ಮ, "ಎದೆ ಮೇಲೆ ಚಿನ್ನ, ಕರಿಮಣಿ ಏನೂ ಇರಬಾರದು, ತಾಳಿನೂ ತೆಗೀಬೇಕಮ್ಮ," ಎಂದರು. ಸಾಲು ಅಲ್ಲೇ ಚದುರಿತು. ಗಂಡ ಬದುಕಿರುವಾಗ ತಾಳಿ ಬಿಚ್ಚುವುದುಂಟೇ?

"ಕೆಮ್ಮೋರು ಯಾರಿದಾರೋ ಅವರು ಹೋಗ್ಲಿ. ನಮಗ್ಯಾಕೆ?" ಎಂದಳು ಒಬ್ಬಳು. ಆ ಮಾತಿಗೆ ಚಿಕ್ಕಮ್ಮ ಸೆರಗು ಹೊದ್ದು ಮನೆಯ ಕಡೆ ಹೊರಟಳು. ಈಗ ಅವಳೊಬ್ಬಳೇ ವ್ಯಾನ್ ಹತ್ತಿದರೆ ಊರಿಗೆಲ್ಲ ಡಂಗುರ ಹೊಡೆದಂತೆ. ಅಜ್ಜಿ ಅದನ್ನು ನೋಡಿದರು.

ನಮ್ಮಜ್ಜಿ ಶನಿವಾರ ಪಕ್ಕದ ಮನೆಗೆ ಒಂದು ಹರಳು ಉಪ್ಪನ್ನೂ ಕೊಡದ ಹೆಂಗಸು. ಶಾಸ್ತ್ರದಲ್ಲಿ ಅವರನ್ನು ಮೀರಿಸುವವರು ಊರಿನಲ್ಲಿರಲಿಲ್ಲ. ಅಂಥವರು ಚಿಕ್ಕಮ್ಮನ ರಟ್ಟೆ ಹಿಡಿದು ನಿಲ್ಲಿಸಿ, "ಓಡಿಹೋಗಿ ಅರಿಶಿನದ ಕೊಂಬು, ದಾರದುಂಡೆ ತಗೊಂಡ್ ಬಾ," ಎಂದು ನನ್ನನ್ನು ಅಟ್ಟಿದರು. ತಂದ ಕೊಂಬನ್ನು ದಾರಕ್ಕೆ ಕಟ್ಟಿ, ಸ್ಕೂಲಿನ ಮೆಟ್ಟಿಲ ಮೇಲೆ ಕೂತಿದ್ದ ತಾತನ ಕೈಗಿಟ್ಟರು.

"ಕಟ್ಟಿ. ತಾಳಿ ತೆಗೆದಾಗ ಇದೇ ತಾಳಿ. ನಮ್ಮಮ್ಮನೂ ಹೀಗೇ ಮಾಡ್ತಿದ್ಲು."

ತಾತನ ಮುಖ ಕೆಂಪಾಯಿತು. "ಇಷ್ಟು ಜನದ ಮುಂದೇನೇ?"

"ಮದುವೇಲಿ ಇದಕ್ಕಿಂತ ಜಾಸ್ತಿ ಜನ ಇದ್ರು."

ಹೆಂಗಸರೆಲ್ಲ ನಕ್ಕರು. ನರ್ಸಮ್ಮ, "ಕತ್ತಿಗೆ ಗಿಡ್ಡಕ್ಕೆ ಕಟ್ಟಿ, ಎದೆ ಮೇಲೆ ಬರಬಾರದು," ಎಂದರು. ತಾತ ಮೂರು ಗಂಟು ಹಾಕಿದರು. ಅಜ್ಜಿ ಚಿನ್ನದ ತಾಳಿ ಬಿಚ್ಚಿ ಅವರ ಅಂಗೈಗಿಟ್ಟು, ಸೀಮೆಎಣ್ಣೆ ವಾಸನೆಯ ಆ ವ್ಯಾನ್ ಹತ್ತಿ, ಒಂದು ಗಳಿಗೆಯಲ್ಲಿ ಇಳಿದು ಬಂದರು.

"ನೋಡ್ರೇ, ನಮ್ಮನೆಯೋರು ಕೂತಲ್ಲೇ ಕೂತವ್ರೆ. ಏನಾರ ಆಯ್ತಾ?"

ಆಮೇಲೆ ಗಂಡಂದಿರೆಲ್ಲ ನಾಚಿಕೊಂಡು, ದಾರ ಹಿಡಿದು ಸಾಲು ನಿಂತರು. ಬಾರದವರ ಮನೆಗೆ ಅಜ್ಜಿಯೇ ಹೋಗಿ ಕರೆತಂದರು. ಚಿಕ್ಕಮ್ಮ ಯಾವಾಗ ಹತ್ತಿದಳು, ಯಾವಾಗ ಇಳಿದಳು ಯಾರೂ ಗಮನಿಸಲಿಲ್ಲ. ಅಜ್ಜಿಗೆ ಬೇಕಾಗಿದ್ದುದೂ ಅದೇ.

ಕೆಲವು ವಾರಗಳಾದ ಮೇಲೆ, ಕ್ಷಯ ಇದೆಯೆಂದು ಮೂರು ಮನೆಗೆ ಚೀಟಿ ಬಂತು. ನಮ್ಮದೊಂದು. ಯಾರೋ ಹಿರಿಯರು ತೌರಿನ ಮಾತೆತ್ತಿದಾಗ ಅಜ್ಜಿ, "ಅವಳು ಈ ಮನೆ ಸೊಸೆ. ಸೂಜಿನೂ ಇಲ್ಲೇ ಚುಚ್ಚಲಿ, ಕೂಸೂ ಇಲ್ಲೇ ಇರಲಿ," ಎಂದು ಎದ್ದು ಹೋದರು. ವರ್ಷಕ್ಕೂ ಮೇಲೆ ಸೂಜಿ, ಮಾತ್ರೆ. ಕೂಸನ್ನು ಅಜ್ಜಿ ಹಸುವಿನ ಹಾಲಿನಲ್ಲಿ ಸಾಕಿದರು. ಅದನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತು ದೂರದಿಂದ ಅದರ ತಾಯಿಗೆ ತೋರಿಸುವುದು ನನ್ನ ಕೆಲಸ. ಮಾತಿಗೆ ತಪ್ಪಿದವಳೆಂದು ಚಿಕ್ಕಮ್ಮ ಮೊದಮೊದಲು ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಆಮೇಲೆ ಆ ಕೋಪವೂ ಕರಗಿತು, ಕಾಯಿಲೆಯೂ ವಾಸಿಯಾಗಿ ಮೊಮ್ಮಕ್ಕಳನ್ನು ಕಾಣುವವರೆಗೂ ಬದುಕಿದಳು. ಹೆಬ್ಬೆಟ್ಟು ಒತ್ತುತ್ತಿದ್ದ ಆ ಅಜ್ಜಿಯ ಮೊಮ್ಮಗಳು ನಾನು ಎಂದು ಹೇಳಿಕೊಳ್ಳಲು ಈಗಲೂ ನನಗೆ ಜಂಬ.

ಈಗ ಚಂದ್ರಾ ಲೇಔಟ್‌ನಲ್ಲಿದ್ದೇನೆ. ಕೂಗಳತೆಯಲ್ಲೇ ಮೂರು ಲ್ಯಾಬುಗಳಿವೆ, ಬೆಳಿಗ್ಗೆ ತೆಗೆಸಿದ ಎಕ್ಸ್‌ರೇ ಸಂಜೆಗೆ ಕೈಗೆ ಸಿಗುತ್ತದೆ. ನಮ್ಮ ಮಹಡಿ ಮನೆಯಲ್ಲಿ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ. ಒಂದು ತಿಂಗಳಿಂದ ಕೆಮ್ಮುತ್ತಿದ್ದಾಳೆ. ಮೆಟ್ಟಿಲಲ್ಲಿ ಸಿಕ್ಕರೆ ನಗುತ್ತಾಳೆ, ನಾನೂ ನಗುತ್ತೇನೆ. ಹತ್ತಿ ಹೋಗಿ ಕೇಳುವುದು ಮಾತ್ರ ನನ್ನಿಂದ ಇನ್ನೂ ಆಗಿಲ್ಲ.