ಕಂಬಕ್ಕೆ ಕಟ್ಟಿದ ಕೈಪಟ್ಟಿ

ನನ್ನ ತಮ್ಮನ ಬಲಗೈಯನ್ನು ಗಾಣ ತಿಂದಿತು ಎಂದು ರಾಯಬಾಗದ ಸುತ್ತ ಎಲ್ಲರೂ ಹೇಳುತ್ತಾರೆ. ತಿಂದದ್ದು ನಿಜ. ಆದರೆ ಆ ಕೈಯನ್ನು ಅದರ ಬಾಯಿಗೆ ಕೊಟ್ಟವನು ನಾನು. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಆದರೂ ಇದನ್ನು ಬೇರೆಯವರಿಂದ ಬರೆಸಬಾರದು ಅನ್ನಿಸಿತು.

ನಾವಿಬ್ಬರೂ ಒಂದು ಬೆಲ್ಲದ ಗಾಣದಲ್ಲಿ ಕೆಲಸಕ್ಕಿದ್ದೆವು. ತಮ್ಮ ಗಾಣದ ಬಾಯಿಗೆ ಕಬ್ಬು ಕೊಡುತ್ತಿದ್ದ, ನಾನು ಸ್ವಿಚ್ಚಿನ ಹತ್ತಿರ ನಿಲ್ಲುತ್ತಿದ್ದೆ. ಅವನದು ಗರಡಿಯಲ್ಲಿ ಬೆಳೆದ ಮೈ. ಕಬ್ಬಿನ ಹೊರೆಯನ್ನು ಎದುರಾಳಿಯ ಸೊಂಟ ಹಿಡಿದಂತೆ ಹಿಡಿಯುತ್ತಿದ್ದ.

ಹಿಂದಿನ ವರ್ಷ ಅದೇ ಗಾಣದಲ್ಲಿ ಒಬ್ಬನ ಮೂರು ಬೆರಳು ಹೋಗಿದ್ದವು. ಅದಕ್ಕೆ ಮಾಲಕರು ನಿಪ್ಪಾಣಿಯ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿ, ಅವನೇ ಕಂಡುಹಿಡಿದ ಸಾಧನವೊಂದನ್ನು ಹಾಕಿಸಿದರು. ಕಬ್ಬು ಕೊಡುವವನ ಮಣಿಕಟ್ಟಿಗೆ ಒಂದು ಕರಿ ಪಟ್ಟಿ, ಗೋಡೆಗೆ ಕಂಪ್ಯೂಟರ್ ಇದ್ದ ಒಂದು ಪೆಟ್ಟಿಗೆ. ಪಟ್ಟಿ ಆಸುಪಾಸಿನಲ್ಲಿ ಇಲ್ಲದಿದ್ದರೆ ಗಾಣ ತಿರುಗುವುದಿಲ್ಲ. ಪಟ್ಟಿ ರೋಲರಿನಿಂದ ಒಂದು ಗೇಣಿನೊಳಗೆ ಬಂದರೆ ತಟ್ಟನೆ ನಿಲ್ಲುತ್ತದೆ. ಮತ್ತೆ ಶುರು ಮಾಡಲು ಒಂದು ಕಾರ್ಡ್ ತೋರಿಸಬೇಕು; ಅದು ನನ್ನ ಕೊರಳಲ್ಲಿ. ಗಾಣ ನಿಂತಾಗಲೆಲ್ಲ ಮೆಕ್ಯಾನಿಕ್‌ನ ಮೊಬೈಲಿಗೆ ಸುದ್ದಿ ಹೋಗುತ್ತಿತ್ತು. ಪೇಟೆಂಟ್ ಸಿಕ್ಕ ಕಾಗದಕ್ಕೆ ಕಟ್ಟು ಹಾಕಿಸಿ ಅವನು ಪೆಟ್ಟಿಗೆಯ ಮೇಲೆ ತೂಗುಹಾಕಿದ್ದ. ಅಂದಿನಿಂದ ಜನ ನನ್ನನ್ನು ಕಂಪ್ಯೂಟರ್ ಮಾಸ್ತರ ಎಂದು ಕರೆಯತೊಡಗಿದರು. ನನಗದು ಹಿಡಿಸಿತು.

ತಮ್ಮನ ಕೈ ಚುರುಕು. ಗಾಣ ದಿನಕ್ಕೆ ಹತ್ತಾರು ಸಲ ನಿಲ್ಲುತ್ತಿತ್ತು. ಹೊರಗೆ ಟ್ರ್ಯಾಕ್ಟರುಗಳ ಸಾಲು, ಒಳಗೆ ರಸ ಸಾಲದೆ ಕೊಪ್ಪರಿಗೆ ತಳ ಹಿಡಿಯುವ ವಾಸನೆ. ಬೈಗುಳ ನನಗೆ. ಒಂದು ದಿನ ಟ್ರ್ಯಾಕ್ಟರಿನವನೊಬ್ಬ ಎಲ್ಲರೆದುರು ತಮ್ಮನ ಕೈಪಟ್ಟಿ ತೋರಿಸಿ, "ಏ ಪೈಲವಾನ, ಬಳಿ ಹಾಕ್ಕೊಂಡು ಕುಸ್ತಿ ಹೆಂಗ ಹಿಡೀತಿಯೋ?" ಎಂದ.

"ಹೇಂತಿ ಕೊಡಿಸ್ಯಾಳ ಅಂತ ತಿಳಕೋಲೇ," ಎಂದು ತಮ್ಮ ನಕ್ಕ. ನನಗೆ ನಗಲು ಆಗಲಿಲ್ಲ.

ಅಮಾವಾಸ್ಯೆ ಬಂತು. ಅವತ್ತು ಗಾಣದ ಎದುರಿನ ಕಂಬಕ್ಕೆ ಕೆಂಪು ಬಟ್ಟೆಯಲ್ಲಿ ಕಾಯಿ, ಲಿಂಬೆಹಣ್ಣು, ಚಿಂಚಲಿ ಮಾಯಕ್ಕ ದೇವಿಯ ಅರಿಶಿನದ ಭಂಡಾರ ಕಟ್ಟುವುದು ನಮ್ಮ ರೂಢಿ. ಕಟ್ಟಿದ ಗಂಟನ್ನು ಮುಂದಿನ ಪೂಜೆಯವರೆಗೆ ಯಾರೂ ಮುಟ್ಟುವುದಿಲ್ಲ. ಕಂಬ ಗಾಣದ ಬಾಯಿಂದ ಎರಡು ಮೊಳ ದೂರ. ತಮ್ಮ ಬಿಚ್ಚಿಟ್ಟು ಹೋಗಿದ್ದ ಪಟ್ಟಿಯನ್ನು ನಾನು ಕಾಯಿಯ ಜೊತೆ ಆ ಗಂಟಿನಲ್ಲಿ ಕಟ್ಟಿದೆ. ಗಾಣ ತಿರುಗಿತು. ಕಂಪ್ಯೂಟರಿನ ಲೆಕ್ಕದಲ್ಲಿ ತಮ್ಮನ ಕೈ ಯಾವಾಗಲೂ ಎರಡು ಮೊಳ ದೂರದಲ್ಲೇ ಇತ್ತು.

ತಮ್ಮ ಪಟ್ಟಿ ಹುಡುಕುತ್ತ ಬಂದ. "ಇನ್ನ ಅದು ಬ್ಯಾಡ, ಪೆಟ್ಟಿಗಿನ ನಿನ್ನ ಕೈ ನೋಡತೈತಿ," ಎಂದೆ. ಕಂಪ್ಯೂಟರಿನ ಬಗ್ಗೆ ನಾನು ಹೇಳಿದ್ದು ಅವನಿಗೆ ಪೂರಾ ನಂಬಿಕೆ. ಪೆಟ್ಟಿಗೆಯ ಕಡೆ ಕೈ ಎತ್ತಿ, "ರಾಮ್ ರಾಮ್ರಿ ಸಾಹೇಬ್ರ," ಎಂದು ಕಬ್ಬಿಗೆ ಕೈ ಹಾಕಿದ.

ಎಂಟು ದಿನಕ್ಕೆ ಮೆಕ್ಯಾನಿಕ್ ಬಂದ. ಗಾಣ ಒಂದು ಸಲವೂ ನಿಂತ ಸುದ್ದಿ ಬಂದಿಲ್ಲವೆಂದು ಅವನಿಗೆ ಅನುಮಾನ. ತಮ್ಮ ಊಟಕ್ಕೆ ಹೋಗಿದ್ದ. ಅವನಿಗೆ ಈಗ ರೂಢಿಯಾಗಿದೆ, ಕೈ ದೂರವೇ ಇಡುತ್ತಾನೆ ಎಂದು ನಾನು ಹೇಳಿದೆ. ಮೆಕ್ಯಾನಿಕ್ ತಂತಿಗಳನ್ನೆಲ್ಲ ನೋಡಿದ. ಕಂಬದ ಹತ್ತಿರ ಬಂದಾಗ ಚಪ್ಪಲಿ ಕಳಚಿ, ಗಂಟಿಗೆ ಕೈಮುಗಿದು ಹೋದ.

ಅದಾಗಿ ಎರಡನೇ ದಿನ ಮಧ್ಯಾಹ್ನ ಒಂದು ಸೊಟ್ಟ ಕಬ್ಬು ಸಿಕ್ಕಿಕೊಂಡಿತು. ತಮ್ಮ ಅಂಗೈಯಿಂದ ಅದನ್ನು ಒಳಗೆ ನೂಕಿದ. ಮೊದಲು ಬೆರಳು, ಆಮೇಲೆ ಮಣಿಕಟ್ಟು. ಎಲುಬು ಮುರಿದ ಸದ್ದಿಗೂ ಕಬ್ಬು ಮುರಿದ ಸದ್ದಿಗೂ ಬಹಳ ವ್ಯತ್ಯಾಸ ಇರಲಿಲ್ಲ. ನಾನು ಕೆಂಪು ಗುಂಡಿ ಒತ್ತುವ ಹೊತ್ತಿಗೆ ಕೈ ಮೊಣಕೈವರೆಗೆ ಹೋಗಿತ್ತು. ರೋಲರನ್ನು ಹಿಂದಕ್ಕೆ ತಿರುಗಿಸಲು ಕಾರ್ಡ್ ಬೇಕು. ಎರಡು ಸಲ ಅದನ್ನು ತಿರುಗುಮುರುಗು ಹಿಡಿದೆ. ಮೂರನೇ ಸಲಕ್ಕೆ ಗಾಣ ಹಿಂದೆ ಸರಿದು, ಚೂರಾದದ್ದನ್ನು ಮತ್ತೊಮ್ಮೆ ಅರೆದು ಹೊರಗೆ ಬಿಟ್ಟಿತು. ಅಷ್ಟು ಹೊತ್ತೂ ಅವನು ಕೂಗುತ್ತ ನೋಡುತ್ತಿದ್ದದ್ದು ತನ್ನ ಕೈಯನ್ನಲ್ಲ, ಗೋಡೆಯ ಪೆಟ್ಟಿಗೆಯನ್ನು. ರಸದ ಕಾಲುವೆ ಕೆಂಪಾಗಿ ಹರಿಯಿತು. ಆ ಕೊಪ್ಪರಿಗೆಯನ್ನು ಹೊಲಕ್ಕೆ ಚೆಲ್ಲಿದರು.

ಅವನನ್ನು ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದ ಒಂದೆರಡು ತಾಸಿಗೆ, ಗಾಣ ನಿಂತ ಸುದ್ದಿ ಮೊಬೈಲಿನಲ್ಲಿ ನೋಡಿ, ಮೆಕ್ಯಾನಿಕ್ ಬೈಕಿನಲ್ಲಿ ಬಂದ. ಇಳಿಯುವ ಮೊದಲೇ ಜನ ಅವನನ್ನು ಕೆಡವಿದರು. ಕಬ್ಬಿನ ಗಳದಿಂದ, ಚಪ್ಪಲಿಯಿಂದ, ಕಾಲಿನಿಂದ ಹೊಡೆದರು. ಅವನು ನನ್ನನ್ನು ನೋಡಿ, "ಪಟ್ಟಿ ಎಲ್ಲೈತಿ, ತೋರಸ್ರಿ," ಎಂದ. ಮತ್ತೆ ಅದನ್ನೇ ಕೇಳಿದ. ಮೂರನೇ ಸಲ ಕೇಳುವ ಮೊದಲು ನಾನು ಕಬ್ಬಿನ ಬುಡದಿಂದ ಅವನ ಬಾಯಿಗೆ ಬಾರಿಸಿದೆ. ಹಲ್ಲು ಮುರಿದದ್ದು ನನ್ನ ಕೈಗೆ ತಿಳಿಯಿತು. ಕೈಯ ಸಂಗಡ ಪಟ್ಟಿಯೂ ಹೋಯಿತು ಎಂದು ಜನರಿಗೆ ಹೇಳಿ, ಹಾರೆ ತಗೊಂಡು ಪೆಟ್ಟಿಗೆಯನ್ನು ಪುಡಿ ಮಾಡಿದೆ. ತಮ್ಮನ ಮೇಲಿನ ಪ್ರೀತಿಗೆ ಹೀಗಾಡುತ್ತಾನೆ ಎಂದು ಹೆಂಗಸರು ಅತ್ತರು.

ತಮ್ಮನ ಕೈಯನ್ನು ಮೊಣಕೈಯ ಮೇಲೆ ಕತ್ತರಿಸಿದರು. ಎಚ್ಚರಾದಾಗ ಅವನು, "ಪೆಟ್ಟಿಗಿ ನನ್ನ ನೋಡಲೇ ಇಲ್ಲಲ್ಲೋ ಅಣ್ಣಾ," ಎಂದ. ನಾನು ಅವನ ಬಾಯಿಗೆ ನೀರು ಬಿಟ್ಟೆ.

ಗಾಣಕ್ಕೆ ಬೀಗ ಬಿತ್ತು. ಗಂಟು ಕಂಬದಲ್ಲೇ ಉಳಿಯಿತು. ಒಂದು ಅಮಾವಾಸ್ಯೆ ಹಾಗೇ ಹೋಯಿತು. ಎರಡನೆಯದಕ್ಕೆ ಬೀಗ ತೆಗೆದರು. ಗಂಟನ್ನು ನಾನೇ ಬಿಚ್ಚಿ, ಸತ್ತಿ ಊರಿನ ಹತ್ತಿರ ಹೊಳೆಗೆ ಬಿಟ್ಟು ಬರಬೇಕೆಂದು ಬೇಗ ಹೋದೆ. ತಮ್ಮ ನನಗಿಂತ ಮೊದಲೇ ಬಂದಿದ್ದ. ಇದಕ್ಕೆ ಒಂದು ಕೈ ಸಾಕು ಎಂದು ಎಡಗೈಯಿಂದ, ಹಲ್ಲಿನಿಂದ ಗಂಟು ಬಿಚ್ಚುತ್ತಿದ್ದ. ಒಣಗಿದ ಲಿಂಬೆಹಣ್ಣು ಬಿತ್ತು. ಅದರ ಹಿಂದೆ ಭಂಡಾರ ಮೆತ್ತಿದ ಪಟ್ಟಿ.

ಅವನು ಪಟ್ಟಿಯನ್ನು ನೋಡಿದ, ಕಂಬವನ್ನು ನೋಡಿದ, ಕಂಬದಿಂದ ಗಾಣದ ಬಾಯಿಯವರೆಗೆ ಕಣ್ಣಿನಲ್ಲೇ ಅಳೆದ. ಎಡಗೈಯಿಂದ ನನ್ನ ಕೆನ್ನೆಗೆ ಹೊಡೆದ. ನೆಲಕ್ಕೆ ಬಿದ್ದೆ. ಎದ್ದು ನಿಂತೆ, ಮತ್ತೆ ಹೊಡೆದ. ಮೂರನೇ ಸಲ ನನಗೆ ಏಳಲಾಗಲಿಲ್ಲ. ಕಿವಿಯಿಂದ ರಕ್ತ ಬರುತ್ತಿತ್ತು. ಆ ಕಿವಿ ಈಗಲೂ ಕೇಳಿಸುವುದಿಲ್ಲ.

"ನಾ ಮಾಡಿದ್ದನ್ನ ನೀ ಯಾರಿಗೂ..." ಎಂದೆ.

"ಅವನ ಹಲ್ಲ ಮುರದವ ನೀನ. ಅವಂಗ ನೀನ ಹೇಳು," ಎಂದ.

ಅದೇ ದಿನ ಬಸ್ಸಿನಲ್ಲಿ ನನ್ನನ್ನು ನಿಪ್ಪಾಣಿಗೆ ಕರೆದೊಯ್ದ. ಮೆಕ್ಯಾನಿಕ್‌ನ ಅಂಗಡಿಯ ಬಾಗಿಲಲ್ಲಿ ಅವನು ನಿಂತ. ನಾನು ಒಳಗೆ ಹೋಗಿ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮೆಕ್ಯಾನಿಕ್‌ನ ಮುಂದಿನ ಎರಡು ಹಲ್ಲು ಇರಲಿಲ್ಲ. ಕಾಲು ಹಿಡಿಯಲು ಬಗ್ಗಿದೆ, ಅವನು ಕಾಲು ಹಿಂದೆ ಎಳೆದುಕೊಂಡ. ಆಮೇಲೆ ಲೆಕ್ಕ ಬರೆಯುವ ಒಂದು ವಹಿ ತೆಗೆದು, "ಎಷ್ಟ ದೂರ ಕಟ್ಟಿದ್ರಿ?" ಎಂದು ಕೇಳಿದ.

"ಎರಡ ಮೊಳ."

ಅವನು ಬರೆದುಕೊಂಡ. "ಕಂಬಕ್ಕ ನಾಡಿ ಇರೂದಿಲ್ಲ. ಪಟ್ಟಿ ನಾಡೀನೂ ನೋಡಬೇಕಿತ್ತು. ಅದು ನನಗ ಹೊಳೀಲಿಲ್ಲ," ಎಂದ. ಅದನ್ನು ಅವನು ತಮ್ಮನನ್ನು ನೋಡಿ ಹೇಳಿದ, ನನ್ನನ್ನಲ್ಲ.

ತಮ್ಮ ಬಾಗಿಲಿನಿಂದಲೇ ಎಡಗೈ ಚಾಚಿದ. "ಹೊಸಾದು ಮಾಡಿದ್ರ ಮದಲ ಈ ಕೈಗೆ ಕಟ್ಟಿ ನೋಡ್ರಿ. ಆದ್ರ ಕಾರ್ಡ ಇವನ ಕೈಯಾಗ ಕೊಡಬ್ಯಾಡ್ರಿ."

ಕಾರ್ಡ್ ಇನ್ನೂ ನನ್ನ ಕೊರಳಲ್ಲೇ ಇತ್ತು. ತೆಗೆದು ಮೇಜಿನ ಮೇಲಿಟ್ಟೆ.