ಟೂವಾಂಗಿನಲ್ಲಿ ಅಗ್ರತಾಂಬೂಲ

ಇಂದು ಬ್ರಿಸ್ಬೇನ್ ನಗರದ ಮೇಯರ್ ಚುನಾವಣೆ. ವೈದ್ಯೆಯಾದ ನನ್ನ ತಂಗಿಯ ಮಗಳಿಗೆ ಇಲ್ಲಿಯ ಪೌರತ್ವ ದೊರೆತ ಮೇಲೆ ಇದೇ ಮೊದಲ ಮತ. ಜೊತೆಗೆ ನಾನೂ ಟೂವಾಂಗ್ ಬಡಾವಣೆಯ ಶಾಲೆಯಲ್ಲಿದ್ದ ಮತಗಟ್ಟೆಗೆ ಹೋದೆ. ಮೂವರು ಅಭ್ಯರ್ಥಿಗಳ ಬೆಂಬಲಿಗರು ಒಂದೇ ಮರದ ನೆರಳಿನಲ್ಲಿ ನಗುತ್ತ ಕರಪತ್ರ ಹಂಚುತ್ತಿದ್ದರು. ಮೂರನ್ನೂ ಕಣ್ಣಿಗೊತ್ತಿಕೊಂಡೆ.

"ಮಾವ, ಡ್ಯೂಟಿಗೆ ಹೋಗೋಕೆ ನಂಗೆ ಬಸ್ಸೇ ಗತಿ. ಮೂರೂ ಜನ ಬಸ್ ಜಾಸ್ತಿ ಮಾಡ್ತೀವಿ ಅಂತಾರೆ. ಯಾರನ್ನ ನಂಬ್ಲಿ?"

"ಒಬ್ಬರನ್ನು ಆರಿಸಮ್ಮ."

"ಇಲ್ಲಿ ಒಂದು, ಎರಡು, ಮೂರು ಅಂತ ನಂಬರ್ ಹಾಕ್ಬಹುದು. ಫಸ್ಟ್ ಕೊಟ್ಟೋರು ಸೋತ್ರೆ ನನ್ ವೋಟು ಸೆಕೆಂಡ್‌ನೋರಿಗೆ ಹೋಗತ್ತೆ."

ಊರಿನ ಸಭೆಗಳಲ್ಲಿ ಮೊದಲ ಮರ್ಯಾದೆಯ ಅಗ್ರತಾಂಬೂಲ ಯಾರಿಗೆಂದು ನಿರ್ಣಯಿಸಿದವನು ನಾನು. ಕೊಟ್ಟ ತಾಂಬೂಲ ಮತ್ತೊಬ್ಬರ ಕೈಸೇರುವ ಕ್ರಮವನ್ನು ಅರಿಯೆ. "ಯಾರನ್ನೂ ಬರಿಗೈಯಲ್ಲಿ ಕಳಿಸಬೇಡ" ಎಂದಷ್ಟೇ ಹೇಳಿದೆ.

ಅವಳು ಮತ ಹಾಕಿ ಹೊರಬಂದಾಗ ಮುಖ ಬಾಡಿತ್ತು. "ಇಬ್ಬರಿಗೆ ಮಾತ್ರ ನಂಬರ್ ಹಾಕ್ದೆ ಮಾವ. ಮೂರನೆಯೋರನ್ನ ಬಿಟ್ಬಿಟ್ಟೆ. ತಪ್ಪಾಯ್ತಾ?"

ನನ್ನ ಕೈಯಲ್ಲಿದ್ದ ಕರಪತ್ರಗಳಲ್ಲಿ ಅವರದನ್ನು ತೋರಿಸಿದಳು. ಅಷ್ಟರಲ್ಲಿ ಆ ಮೂರನೆಯವರ ಪರವಾಗಿ ಬಂದಿದ್ದ ವೃದ್ಧೆಯೊಬ್ಬರು, ನಾನು ಬಹಳ ಹೊತ್ತು ನಿಂತೇ ಇದ್ದುದನ್ನು ಕಂಡು, ತಾವು ಕುಳಿತಿದ್ದ ಕುರ್ಚಿಯನ್ನೇ ತಂದು ನನ್ನ ಮುಂದಿಟ್ಟರು. ಕುಳಿತುಕೊಳ್ಳಬೇಕೋ ಬಾರದೋ ತಿಳಿಯದೆ ಕೈಮುಗಿದು ನಿಂತೆ.